ಪುರಾವೆ ಸರಿ, ಕರಾರು?

ಮೈಸೂರಿನ ಅಗ್ರಹಾರದಲ್ಲಿ ಕಂಪ್ಯೂಟರ್ ಮಾತು ಬಂದರೆ ಯಾರಾದರೊಬ್ಬರು ಪಾಣಿನಿಯನ್ನು ಎಳೆದು ತರುತ್ತಾರೆ. ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತ ಭಾಷೆಯನ್ನೇ ಕಟ್ಟಿಕೊಟ್ಟವನಿಗೆ ನಿಯಮದಿಂದ ಪ್ರೋಗ್ರಾಂ ಹುಟ್ಟಿಸುವುದು ಯಾವ ಲೆಕ್ಕ ಎಂಬುದು ವಾದ. ಹೆಮ್ಮೆ ಇರಲಿ. ಆದರೆ ಈ ವಿಷಯದ ಮಟ್ಟಿಗೆ ನನಗೆ ಕಾತ್ಯಾಯನನೇ ಹೆಚ್ಚು ಬೇಕಾದವನು. ಸೂತ್ರ ಎಲ್ಲಿ ಅತಿಯಾಯಿತು, ಎಲ್ಲಿ ಸಾಲದಾಯಿತು ಎಂದು ವಾರ್ತಿಕಗಳಲ್ಲಿ ಪಟ್ಟು ಹಿಡಿದು ಕೇಳಿದವನು ಅವನು. ಪ್ರೋಗ್ರಾಂಗಳನ್ನು ಯಂತ್ರದಿಂದಲೇ ಪರಿಶೀಲಿಸುವ, ಬರೆಸುವ ಪಂಥದಲ್ಲಿ ಪಾಣಿನಿಗಳಿಗೆ ಬರವಿಲ್ಲ, ಕಾತ್ಯಾಯನರು ವಿರಳ.

ಪಂಥದ ಮೂಲ ಆಸೆ ಸರಳ. ಪ್ರೋಗ್ರಾಂ ಏನು ಮಾಡಬೇಕು, ಏನು ಮಾಡಕೂಡದು ಎಂಬ ಕರಾರನ್ನು, ಅಂದರೆ ಸ್ಪೆಸಿಫಿಕೇಶನ್ನನ್ನು, ಗಣಿತದ ಖಚಿತತೆಯಲ್ಲಿ ಬರೆಯಿರಿ. ಪ್ರೋಗ್ರಾಂ ಅದಕ್ಕೆ ತಪ್ಪುವುದಿಲ್ಲವೆಂದು ಸಾಧಿಸಿ ತೋರಿಸಿ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಇದಕ್ಕೊಂದು ತರ್ಕ ಕೊಟ್ಟರು. ಆದರೆ ಪ್ರೋಗ್ರಾಂ ಕರಾರು ಪಾಲಿಸುತ್ತದೆಯೇ ಎಂದು ಎಲ್ಲ ಪ್ರೋಗ್ರಾಂಗಳಿಗೂ ಉತ್ತರ ಹೇಳುವ ಯಂತ್ರ ಸಾಧ್ಯವೇ ಇಲ್ಲವೆಂದು ಗಣಿತಜ್ಞ ಹೆನ್ರಿ ರೈಸ್ 1953ರಲ್ಲೇ ಸಾಧಿಸಿದ್ದರು. 1979ರಲ್ಲಿ ಡಿ ಮಿಲೊ, ಲಿಪ್ಟನ್, ಪರ್ಲಿಸ್ ಇನ್ನೊಂದು ಕಡೆಯಿಂದ ಹೊಡೆದರು: ಗಣಿತದ ಪುರಾವೆಯನ್ನು ನಂಬುವುದು ಹತ್ತು ಜನ ಓದಿ, ಚರ್ಚಿಸಿ ಒಪ್ಪುವುದರಿಂದ, ಪ್ರೋಗ್ರಾಂನ ಬೇಸರದ ಪುರಾವೆಯನ್ನು ಓದುವವರು ಯಾರು? ಓದುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿ ಪಂಥ ಇದರಿಂದ ಪಾರಾಯಿತು. ಕರಾರನ್ನು ಯಾರು ಓದಬೇಕು ಎಂಬುದು ಹಾಗೇ ಉಳಿಯಿತು.

ಈ ಪಂಥ ಬಳಕೆಗೆ ಬಂದ ಕಥೆಯಲ್ಲಿ ಬೆಂಗಳೂರಿಗೆ ಪಾಲಿದೆ. ವಿಂಡೋಸ್ ನೀಲಿ ಪರದೆ ತೋರಿಸಿ ಸತ್ತುಬೀಳುತ್ತಿದ್ದುದಕ್ಕೆ ದೊಡ್ಡ ಕಾರಣ, ಪ್ರಿಂಟರಿನಂಥ ಸಾಧನಗಳನ್ನು ನಡೆಸಲು ಹೊರಗಿನ ಕಂಪನಿಗಳು ಬರೆದ ಡ್ರೈವರ್‌ಗಳು. ಅಮೆರಿಕದ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಇದಕ್ಕಾಗಿ ಸ್ಲ್ಯಾಮ್ ಎಂಬ ಸಾಧನ ಕಟ್ಟಿದರು. ರಾಜಮಣಿ ಮುಂದೆ ಅದೇ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದ ಮುಖ್ಯಸ್ಥರಾದರು. ಸ್ಲ್ಯಾಮ್‌ನ ಜಾಣತನ ಅದು ಬಿಟ್ಟುಕೊಟ್ಟದ್ದರಲ್ಲಿದೆ. ಡ್ರೈವರ್ ಪೂರ್ತಿ ಸರಿಯೇ ಎಂದು ಅದು ಕೇಳುವುದಿಲ್ಲ. ಹಿಡಿದ ಲಾಕನ್ನು ಬಿಡದೆ ಮತ್ತೆ ಹಿಡಿಯುತ್ತದೆಯೇ ಎಂಬಂಥ ಸಣ್ಣ ನಿಯಮಗಳನ್ನಷ್ಟೇ ಕೇಳುತ್ತದೆ. ಡ್ರೈವರ್‌ನ ಬದಲು ಹೌದು-ಅಲ್ಲ ಎಂಬ ಬೆಲೆಗಳಷ್ಟೇ ಇರುವ ಒಂದು ಸರಳ ಮಾದರಿ ಮಾಡಿಕೊಂಡು, ಅದರ ದಾರಿಗಳನ್ನೆಲ್ಲ ಹುಡುಕುತ್ತದೆ. ತಪ್ಪು ಸಿಕ್ಕರೆ ಅದು ಮೂಲದಲ್ಲೂ ನಡೆಯಬಲ್ಲುದೇ ಎಂದು ನೋಡುತ್ತದೆ. ನಡೆಯದು ಎಂದಾದರೆ ಮಾದರಿಗೆ ಇನ್ನೊಂದು ಪ್ರಶ್ನೆ ಸೇರಿಸಿ ಮತ್ತೆ ಹುಡುಕುತ್ತದೆ. ಇದೇ ಸ್ಟಾಟಿಕ್ ಡ್ರೈವರ್ ವೆರಿಫೈಯರ್ ಆಗಿ ಡ್ರೈವರ್ ಬರೆಯುವವರ ಕೈಸೇರಿತು. ಬಾಲ್ ಮತ್ತು ರಾಜಮಣಿಗೆ 2011ರಲ್ಲಿ, ಕಂಪ್ಯೂಟರ್ ನೆರವಿನ ಪರಿಶೀಲನೆಯ ಸಮ್ಮೇಳನವಾದ ಸಿಎವಿಯ ಪ್ರಶಸ್ತಿ ಬಂತು. ಆಮೇಲೆ ಅದರ ಎಂಜಿನ್ನಿನ ಜಾಗಕ್ಕೆ ಬಂದ ಕೊರಾಲ್‌ನಲ್ಲಿ ಬೆಂಗಳೂರಿನ ಆಕಾಶ್ ಲಾಲ್ ಅವರ ಪಾತ್ರ ದೊಡ್ಡದು.

ಪಂಥದವರು ಈ ಗೆಲುವನ್ನು ತಮ್ಮ ತರ್ಕದ ಖಾತೆಗೆ ಬರೆದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ನಿಯಮಗಳು ವಿಂಡೋಸ್ ಕಟ್ಟಿದವರದ್ದೇ ಆಗಿದ್ದವು, ಚಿಕ್ಕವಾಗಿದ್ದವು, ಒಮ್ಮೆ ಬರೆದರೆ ಸಾವಿರ ಡ್ರೈವರ್‌ಗಳಿಗೆ ಆಗುವಂಥವು. ಕರಾರು ಯಾರದೆಂಬ ಜಗಳವೇ ಅಲ್ಲಿರಲಿಲ್ಲ. ಇಂಥ ಚಿಕ್ಕ, ಸಿದ್ಧ ನಿಯಮಗಳು ಸಾಲದ ಕಡೆ ಖರ್ಚು ನೋಡಿ: 2009ರಲ್ಲಿ ಆಸ್ಟ್ರೇಲಿಯಾದ, ಕಾರ್ಯಾಚರಣ ವ್ಯವಸ್ಥೆಯೊಂದರ ತಿರುಳಾದ, ಎಸ್‌ಇಎಲ್4 ಕರ್ನೆಲ್‌ನ ಸುಮಾರು 8,700 ಸಾಲು ಸಿ ಭಾಷೆಗೆ ಸುಮಾರು 2 ಲಕ್ಷ ಸಾಲು ಪುರಾವೆ ಬೇಕಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಕ್ ಡಿಸೋಜ ಮತ್ತು ಸಂಗಡಿಗರ ಕೆಲಸ ನನಗೆ ಪಂಥದ ಆ ಗೆಲುವಿನ ಮಾತಿಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ, ಸದ್ದು ಕಡಿಮೆಯಾದರೂ. ಅವರು ಪರಿಶೀಲಿಸಿದ್ದು ಮೊದಲು ಸಣ್ಣ ಸಾಧನಗಳ ಕಾರ್ಯಾಚರಣ ವ್ಯವಸ್ಥೆ ಫ್ರೀಆರ್‌ಟಿಒಎಸ್‌ನ ಕೆಲಸಗಳ ಸರದಿ ನಿರ್ಧರಿಸುವ ಶೆಡ್ಯೂಲರ್, ಆಮೇಲೆ ಮ್ಯುಯೆನ್ ಎಂಬ ಕರ್ನೆಲ್. ಒಂದೇ ಯಂತ್ರದಲ್ಲಿ ಹಲವು ವ್ಯವಸ್ಥೆಗಳನ್ನು ಬೇರೆಬೇರೆಯಾಗಿ ಇಡುವ ಮ್ಯುಯೆನ್‌ನ ಒಂದು ಭಾಗ, ಬಳಸುವವರು ಕೊಟ್ಟ ನಿಯಮಪತ್ರದಿಂದ ಪ್ರತಿಸಲವೂ ಹೊಸದಾಗಿ ಹುಟ್ಟುತ್ತದೆ. ಹುಟ್ಟಿದ್ದನ್ನೆಲ್ಲ ಒಂದೊಂದಾಗಿ ಸಾಧಿಸುತ್ತ ಕೂರಲಾಗದು. ಆದ್ದರಿಂದ ಅವರು, ಇಂತಿಂಥ ಷರತ್ತು ಪಾಲಿಸಿದರೆ ಯಾವ ನಿಯಮಪತ್ರದಿಂದ ಹುಟ್ಟಿದ್ದೂ ಸರಿ ಎಂದು ಒಮ್ಮೆ ಸಾಧಿಸಿ, ಷರತ್ತುಗಳನ್ನಷ್ಟೇ ಪ್ರತಿಸಲ ಯಂತ್ರದಿಂದ ನೋಡಿಸಿದರು. ಪುರಾವೆ ಎಲ್ಲಿ ಮುಗಿಯಿತು, ನಂಬಿಕೆ ಎಲ್ಲಿ ಶುರುವಾಯಿತು ಎಂಬ ಗೆರೆ ಇಲ್ಲಿ ಕಾಣುತ್ತದೆ. ನಿಯಮಪತ್ರವೇ ತಪ್ಪಾಗಿದ್ದರೆ ಪುರಾವೆ ಕಾಪಾಡದು.

ಈಗ ಎಐ ಮಾದರಿಗಳು ಕೇಳಿದ ಕೂಡಲೇ ಕೋಡ್ ಸುರಿಯುತ್ತಿವೆ. ಜತೆಗೆ ಪುರಾವೆಯನ್ನೂ ಕೊಡಿಸಿಬಿಟ್ಟರೆ ಮುಗಿಯಿತು ಎನ್ನುವವರಿದ್ದಾರೆ. ಹಾಗಾದ ದಿನ ಕೋಡ್ ಅಗ್ಗ, ಪುರಾವೆ ಅಗ್ಗ. ದುಬಾರಿಯಾಗಿ ಉಳಿಯುವುದು ಕರಾರು. ಸಾಫ್ಟ್‌ವೇರನ್ನೇ ನೆಚ್ಚಿದ ನಮ್ಮ ರಾಜ್ಯ ಅದನ್ನು ಬರೆಯಲು ಎಷ್ಟು ಜನರಿಗೆ ಕಲಿಸಿದೆ?

ಅಂಥ ಕರಾರಿಗೆ ಉದಾಹರಣೆಯಾಗಿ ಕಂದಾಯ ಇಲಾಖೆಯ ಜಮೀನು ದಾಖಲೆಗಳ ವ್ಯವಸ್ಥೆ ‘ಭೂಮಿ’ ನೋಡಿ. ಮೊದಲು ಬಂದ ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿ ಮೊದಲು ವಿಲೇವಾರಿಯಾಗಬೇಕು ಎಂಬ ನಿಯಮವನ್ನು ಅದು ಆರಂಭದಿಂದಲೇ ಕಂಪ್ಯೂಟರಿಗೆ ಒಪ್ಪಿಸಿತ್ತು. ಇಂಥ ನಿಯಮಗಳು ಇನ್ನೂ ಇವೆ: ನೋಟಿಸ್ ಅವಧಿ ಮುಗಿಯದೆ ಖಾತೆ ಬದಲಾಗಕೂಡದು; ಪಹಣಿಯಲ್ಲಿ ಪಾಲುದಾರರ ವಿಸ್ತೀರ್ಣ ಕೂಡಿದರೆ ಒಟ್ಟು ವಿಸ್ತೀರ್ಣಕ್ಕೆ ಸಮವಾಗಬೇಕು. ಸ್ಲ್ಯಾಮ್‌ನ ಲಾಕ್ ನಿಯಮದಷ್ಟೇ ಚಿಕ್ಕವು ಇವು, ರೈತನಿಗೆ ಅದಕ್ಕಿಂತ ಬಹಳ ದೊಡ್ಡವು. ಇಲಾಖೆ ಇಂಥ ಹತ್ತು ನಿಯಮಗಳನ್ನು ಯಂತ್ರ ಪರಿಶೀಲಿಸುವ ರೂಪದಲ್ಲೂ, ಪಕ್ಕದಲ್ಲೇ ಗ್ರಾಮ ಆಡಳಿತ ಅಧಿಕಾರಿಗಳು ಓದಿ ‘ಇದು ತಪ್ಪು ಸ್ವಾಮಿ’ ಎನ್ನಬಲ್ಲ ಕನ್ನಡದಲ್ಲೂ ಪ್ರಕಟಿಸಲಿ. ಪರಿಶೀಲಿಸುವ ವಿದ್ಯೆ ಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ.