ತೇರ್ಸಿನ ಹೊತ್ತು

ಯಲ್ಲಾಪುರದಲ್ಲಿ ಹೋಲಿ ರೋಜರಿ ಎಂಬ ಪ್ರೌಢಶಾಲೆಯಿದೆ. ಎಲ್ಲ ಜಾತಿ ಮತದ ಮಕ್ಕಳ ಬಾಯಲ್ಲಿ ದಿನವೂ ಓಡಾಡುವ ಆ ಹೆಸರು ಒಂದು ಪ್ರಾರ್ಥನೆಯದು. ಕನ್ನಡ ಕೆಥೊಲಿಕರು ಅದನ್ನು ಜಪಸರ ಎನ್ನುತ್ತಾರೆ. ಕೊಂಕಣಿ ಆಡುವ ಕ್ರೈಸ್ತರ ಮನೆಗಳಲ್ಲಿ ಅದು ತೇರ್ಸ್. ಮಣಿಸರ ಹಿಡಿದು 53 ಸಲ ಮರಿಯಮ್ಮನಿಗೆ ನಮನ, 6 ಸಲ ಯೇಸು ಕಲಿಸಿದ ಪ್ರಾರ್ಥನೆ, ನಡುನಡುವೆ ತ್ರಿಯೇಕ ದೇವರ ಸ್ತುತಿ, ಹತ್ತು ಮಣಿಗೊಮ್ಮೆ ಯೇಸುವಿನ ಇಲ್ಲವೇ ಮರಿಯಮ್ಮನ ಬದುಕಿನ ಒಂದು ಘಟನೆಯ ನೆನಪು. ಸಾವಧಾನವಾಗಿ ಹೇಳಿದರೆ ಇಪ್ಪತ್ತು ನಿಮಿಷ. ಮರಿಯಮ್ಮನ ನಾಮಾವಳಿ, ತೀರಿಹೋದವರಿಗಾಗಿ ಪ್ರಾರ್ಥನೆ ಸೇರಿದರೆ ಅರ್ಧ ಗಂಟೆ.

ದಿನವೂ ದೇವರಿಗೆ ಸ್ವಲ್ಪ ಸಮಯ ಕೊಡಬೇಕು ಎಂಬ ಬುದ್ಧಿಮಾತು ಚರ್ಚಿನಲ್ಲಿ ಹಳೆಯದು. ಈಗ ಅದು ಬಹುಮಟ್ಟಿಗೆ ಒಬ್ಬೊಬ್ಬರ ಕಿವಿಗೆ ಬೇರೆಬೇರೆಯಾಗಿ ಬೀಳುತ್ತದೆ: ಬೇಗ ಏಳಿ, ಅಲಾರಂ ಇಟ್ಟುಕೊಳ್ಳಿ, ಮೊಬೈಲು ಬದಿಗಿಡಿ. ಅಂದರೆ ಹೊತ್ತು ಹುಡುಕುವ ಭಾರವೆಲ್ಲ ಒಬ್ಬನ ಮನೋಬಲದ ಮೇಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೆಥೊಲಿಕ್ ಮನೆಗಳು ಇದೇ ಪ್ರಶ್ನೆಗೆ ತಲೆಮಾರುಗಳಿಂದ ಕೊಟ್ಟುಕೊಂಡು ಬಂದ ಉತ್ತರ ಬೇರೆ. ಅಲ್ಲಿ ಹೊತ್ತನ್ನು ಮನೆಯೇ ಗೊತ್ತುಮಾಡಿಟ್ಟಿದೆ. ಮನೆಯವರು ಬಂದು ಕೂಡುತ್ತಾರೆ. ದಿನದ ಭಕ್ತಿಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಡು ಕ್ರೈಸ್ತ ಲೋಕದಲ್ಲಿ ಹೆಚ್ಚಿಲ್ಲ. ಅದರಲ್ಲಿ ಕೊರತೆಗಳೂ ಇವೆ, ಅವು ಸಣ್ಣವಲ್ಲ. ಎರಡನ್ನೂ ಕೂಡಿಯೇ ತೂಗಬೇಕು.

ಹೊತ್ತಿಗೆ ಸರಿಯಾಗಿ ದೇವರನ್ನು ನೆನೆಯುವುದು ಸಿದ್ದಾಪುರ ತಾಲ್ಲೂಕಿನ ಹೇರೂರಿನಂಥ ತೋಟದ ಊರುಗಳಿಗೆ ಹೊರಗಿನಿಂದ ಬಂದ ಸಂಗತಿಯಲ್ಲ. ಹವ್ಯಕರ ಮನೆಗಳಿಗೆ ಮೂರು ಹೊತ್ತಿನ ಸಂಧ್ಯಾವಂದನೆ ಗೊತ್ತು, ಮುಸ್ಲಿಮರಿಗೆ ಐದು ಹೊತ್ತಿನ ನಮಾಜು. ಕೆಥೊಲಿಕರಲ್ಲೂ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಚರ್ಚಿನ ಗಂಟೆ ಬಾರಿಸಿ, ಇದ್ದಲ್ಲೇ ನಿಂತು ಪ್ರಾರ್ಥಿಸುವ ರೂಢಿಯಿದೆ. ಕೊಂಕಣಿಯಲ್ಲಿ ಅದನ್ನು ಆಮೊರಿ ಎನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ನೂರಕ್ಕೆ ಸುಮಾರು ಮೂರು ಮಂದಿ. ಘಟ್ಟದ ಮೇಲಿನ ಹಳ್ಳಿಗಳಿಂದ ಚರ್ಚಿಗೆ ಹೋಗಬೇಕೆಂದರೆ ಹೆಚ್ಚಿನವರು ಪೇಟೆಯ ಬಸ್ಸು ಹಿಡಿಯಬೇಕು. ಭಾನುವಾರದ ಬಲಿಪೂಜೆಗೆ ಹೇಗೋ ಹೋದಾರು, ದಿನನಿತ್ಯ ಸಾಧ್ಯವಿಲ್ಲ. ಹೀಗಾಗಿ ವಾರದ ಆರು ದಿನ ಧರ್ಮವನ್ನು ನಡೆಸುವುದು ಮನೆಯ ಜಗಲಿಯ ಪುಟ್ಟ ಆಲ್ತಾರು, ಅಂದರೆ ದೇವರ ಗೂಡು. ಗುರುಗಳಿಲ್ಲ, ಪೀಠವಿಲ್ಲ, ಕಾಣಿಕೆಯಿಲ್ಲ. ಅಜ್ಜಿಯೋ ತಾಯಿಯೋ ಶುರುಮಾಡಿದರೆ ಆಯಿತು.

ಈ ಏರ್ಪಾಡಿನ ಬೇರು ಬಹಳ ಹಿಂದಿದೆ. ದಾನಿಯೇಲನು ದಿನಕ್ಕೆ ಮೂರು ಸಲ ಜೆರುಸಲೇಮಿನ ಕಡೆಯ ಕಿಟಕಿ ತೆರೆದು ಪ್ರಾರ್ಥಿಸಿದ ಕಥೆ ಬೈಬಲಿನಲ್ಲಿದೆ. ಆದಿ ಕ್ರೈಸ್ತರ ಕೈಪಿಡಿಯಾದ ‘ದಿದಾಕೆ’ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆನ್ನುತ್ತದೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ 150 ಕೀರ್ತನೆಗಳನ್ನು ವಾರದೊಳಗೆ ಹಾಡಿ ಮುಗಿಸುವಂತೆ ಹೊತ್ತುಗಳನ್ನು ಹಂಚಿದರು. ಓದು ಬಾರದ ರೈತರಿಗೆ, ಕೂಲಿಯವರಿಗೆ ಅದು ನಿಲುಕುವಂಥದ್ದಲ್ಲ. ಅವರು 150 ಕೀರ್ತನೆಗಳಿಗೆ ಬದಲು 150 ಸಲ ಬಾಯಿಪಾಠದ ಪ್ರಾರ್ಥನೆ ಹೇಳತೊಡಗಿದರು. ಅದೇ ಮುಂದೆ ಹತ್ತು ಹತ್ತರ ಹದಿನೈದು ಕಟ್ಟುಗಳ ಜಪಸರವಾಯಿತು. ಅದರ ಮೂರರಲ್ಲಿ ಒಂದು ಪಾಲನ್ನು ಪೋರ್ಚುಗೀಸರು ತೆರ್ಸು ಎಂದು ಕರೆದರು, ಅದು ಗೋವೆಯ ದಾರಿಯಿಂದ ಕರಾವಳಿಗೂ ಘಟ್ಟಕ್ಕೂ ಬಂತು. ಅಕ್ಷರ ಬಾರದವರಿಗೂ ಮಠದವರ ಹೊತ್ತಿನಲ್ಲಿ ಪಾಲು ದಕ್ಕಿಸಿಕೊಟ್ಟ ಪ್ರಾರ್ಥನೆ ಇದು. ಇಂದಿಗೂ ಇದರ ದೊಡ್ಡ ಬಲ ಅದೇ. ಪುಸ್ತಕ ಬೇಡ, ಕರೆಂಟು ಬೇಡ, ನೆಟ್‌ವರ್ಕ್ ಬೇಡ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಕಣಿವೆಗಳಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ಬಲವಿದೆ. ಒಂದೊಂದು ಹತ್ತನ್ನು ಮನೆಯ ಒಬ್ಬೊಬ್ಬರು ನಡೆಸುತ್ತಾರೆ. ಐದನೆಯ ತರಗತಿಯ ಹುಡುಗಿ ಅರ್ಧ ವಾಕ್ಯ ಹೇಳಿದರೆ ಎಪ್ಪತ್ತರ ಅಜ್ಜ ಉಳಿದರ್ಧ ಮುಗಿಸಬೇಕು. ತೇರ್ಸು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಹಗಲಲ್ಲಿ ಜಗಳವಾಡಿದ ಮಗನೂ ಅಪ್ಪನ ಮುಂದೆ ಬಂದು ನಿಲ್ಲಲೇಬೇಕು, ಅಪ್ಪನೂ ಕೈಯೆತ್ತಿ ಹರಸಲೇಬೇಕು. ಸಿಟ್ಟನ್ನು ಮರುದಿನಕ್ಕೆ ಒಯ್ಯದಂತೆ ತಡೆಯುವ ಇಂಥ ಕಟ್ಟುಪಾಡು ಒಬ್ಬನೇ ಕೂತು ಮಾಡುವ ಧ್ಯಾನದಲ್ಲಿ ಸಿಗುವುದಿಲ್ಲ.

ಒಬ್ಬನೇ ಕೂತು ಮಾಡುವ ಧ್ಯಾನವೂ ಹಗುರವಾದುದಲ್ಲ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಬೆಳಗಿನ ಜಾವ ಕತ್ತಲಿರುವಾಗಲೇ ಎದ್ದು ನಿರ್ಜನ ಜಾಗಕ್ಕೆ ಹೋಗುತ್ತಾನೆ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಹೇಳುತ್ತಾನೆ. ಕರ್ನಾಟಕದ ಪ್ರೊಟೆಸ್ಟೆಂಟರು ಈ ದಾರಿಯನ್ನು ಎತ್ತಿ ಹಿಡಿದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನಿಯ ಪಿಯೆಟಿಸ್ಟ್ ಪರಂಪರೆಯಲ್ಲಿ ಬೆಳೆದವರು. ದಿನವೂ ಬೈಬಲ್ ವಾಕ್ಯ ಓದಿ ಅದನ್ನು ತನ್ನ ಬದುಕಿಗೆ ತಂದುಕೊಳ್ಳುವುದು ಆ ಪರಂಪರೆಯ ಉಸಿರು. ಜರ್ಮನಿಯ ಹೆರ್ನ್‌ಹುಟ್ ಎಂಬಲ್ಲಿನ ಮೊರಾವಿಯನ್ ಸಭೆ ವರ್ಷದ ಪ್ರತಿ ದಿನಕ್ಕೂ ಒಂದು ವಚನ ಆರಿಸಿ 1731ರಿಂದ ಪುಸ್ತಕ ಮಾಡುತ್ತಿದೆ. ಕನ್ನಡದಲ್ಲಿ ಇಡೀ ಬೈಬಲು 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸರ ದುಡಿಮೆಯಿಂದ ಅಚ್ಚಾಯಿತು. ಬಾಸೆಲ್ ಮಿಷನ್ನಿನ ಮುದ್ರಣಾಲಯ 1841ರಲ್ಲಿ ಮಂಗಳೂರಲ್ಲಿ ಶುರುವಾಯಿತು. ಅದೇ ಮಿಷನ್ನಿನ ಕಿಟೆಲರು 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿಗೆ ಹಾಕಿ ‘ಕಥಾಮಾಲೆ’ ಬರೆದದ್ದೂ ವಾಕ್ಯ ಮನೆಮನೆಯ ನಾಲಿಗೆಗೆ ಬರಲೆಂದೇ.

ಇಲ್ಲಿ ತೇರ್ಸಿನ ಮುಖ್ಯ ಕೊರತೆ ಎದ್ದು ಕಾಣುತ್ತದೆ. ಮುಂಜಾನೆ ಬೈಬಲು ತೆರೆದು ಕೂತವನಿಗೆ ದಿನವೂ ಬೇರೊಂದು ಮಾತು ಎದುರಾಗುತ್ತದೆ. ಅದು ಅವನನ್ನು ಪ್ರಶ್ನಿಸುತ್ತದೆ, ಕೆಲವೊಮ್ಮೆ ಕೆಣಕುತ್ತದೆ. ತೇರ್ಸಿನಲ್ಲಿ ದಿನವೂ ಅದೇ ಮಾತು. ಅದೇ ಮಾತು ಮನಸ್ಸನ್ನು ಆಳಕ್ಕಿಳಿಸಬಲ್ಲದು, ನಿಜ. ತುಟಿಯನ್ನಷ್ಟೇ ಓಡಿಸಿ ಮನಸ್ಸನ್ನು ಹೊರಗೆ ಬಿಡಲೂಬಲ್ಲದು. ಏಳು ಗಂಟೆಯ ಧಾರಾವಾಹಿಗೆ ಮೊದಲು ಮುಗಿಯಬೇಕೆಂಬ ಅವಸರದಲ್ಲಿ ಹೇಳಿದ ತೇರ್ಸು ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ. ಒಬ್ಬರ ಅರ್ಧ ವಾಕ್ಯ ಮುಗಿಯುವ ಮೊದಲೇ ಇನ್ನೊಬ್ಬರ ಅರ್ಧ ಶುರುವಾಗುತ್ತದೆ. ಹತ್ತು ಮಣಿಗೊಮ್ಮೆ ನೆನೆಯಬೇಕಾದ ಘಟನೆಯ ಹೆಸರು ಕೇಳುತ್ತದೆ, ಘಟನೆ ಕಣ್ಣಿಗೆ ಕಟ್ಟುವುದಿಲ್ಲ. ಗೆತ್ಸೆಮನೆ ತೋಟದ ಯಾತನೆಯನ್ನು ಹೆಸರಿಸಿ ಮರುಕ್ಷಣವೇ ಮುಂದಕ್ಕೆ ಓಡುವ ಪ್ರಾರ್ಥನೆಗೆ ದೇವರಿಗೆ ಕೊಟ್ಟ ಸಮಯ ಎನ್ನುವುದು ಕಷ್ಟ. ಹರೆಯದ ಮಕ್ಕಳು ತೇರ್ಸಿನಿಂದ ಜಾರಿಕೊಳ್ಳುವುದಕ್ಕೆ ಟಿವಿ, ಮೊಬೈಲುಗಳನ್ನೇ ದೂರಿ ಸುಮ್ಮನಾಗುವ ಹಿರಿಯರು ಈ ಅವಸರವನ್ನೂ ನೋಡಬೇಕು. ಅರ್ಥ ಕೇಳಿದರೆ ಯಾರೂ ಹೇಳದ ಪ್ರಾರ್ಥನೆಯಲ್ಲಿ ಹದಿನಾರರ ಹುಡುಗ ಎಷ್ಟು ದಿನ ಕೂತಾನು?

ಹಾಗೆಂದು ಹೊತ್ತನ್ನು ಮೇಲಿನವರು ಗೊತ್ತುಮಾಡಿದರೆ ಸಾಕೆಂದೂ ಅಲ್ಲ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆಶಾಲೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದಲೇ ಆರಂಭವಾಗುತ್ತಿತ್ತು. ಮತಾಂತರದಿಂದ ಮನೆ, ಕುಲ, ಕಸುಬು ಕಳೆದುಕೊಂಡವರಿಗೆ ಅಲ್ಲಿ ಅನ್ನವೂ ಆಸರೆಯೂ ಸಿಕ್ಕಿತು. ಅದರ ಋಣ ದೊಡ್ಡದು. ಆದರೆ ಕೂಲಿ ಕೊಡುವವನೇ ಪ್ರಾರ್ಥನೆಗೂ ಗಂಟೆ ಬಾರಿಸಿದಾಗ ಪ್ರಾರ್ಥನೆ ಹಾಜರಿಯ ಒಂದು ಭಾಗವಾಗುತ್ತದೆ. ಭಕ್ತಿ ಎಷ್ಟು, ಹೆದರಿಕೆ ಎಷ್ಟು ಎಂದು ಹೇಳುವವರಾರು? ಮನೆಯ ತೇರ್ಸಿನಲ್ಲೂ ಅಪ್ಪನ ಗದರಿಕೆಯಿಂದಲೇ ಮಕ್ಕಳು ಕೂರುವುದಾದರೆ ಇದೇ ಮಾತು ಅಲ್ಲಿಗೂ ಸಲ್ಲುತ್ತದೆ.

ಈಚಿನ ದಾರಿ ಮೊಬೈಲಿನದು. 2008ರಲ್ಲಿ ಬಂದ ಯೂವರ್ಷನ್ ಆ್ಯಪಿನಲ್ಲಿ ಕನ್ನಡ ಬೈಬಲು ಉಚಿತವಾಗಿ ಸಿಗುತ್ತದೆ. 2018ರಲ್ಲಿ ಬಂದ ಹ್ಯಾಲೋ ಆ್ಯಪು ಜಪಸರವನ್ನೇ ಕಿವಿಗೆ ಕೇಳಿಸುತ್ತದೆ. ಗೋವೆಯಲ್ಲೋ ಬೆಂಗಳೂರಲ್ಲೋ ಕೋಣೆ ಹಂಚಿಕೊಂಡಿರುವ ಶಿರಸಿಯ ಹುಡುಗನಿಗೆ ಇದು ನಿಜವಾದ ಆಸರೆ, ತಳ್ಳಿಹಾಕುವಂತಿಲ್ಲ. ಆದರೆ ಎಷ್ಟು ದಿನ ತಪ್ಪದೆ ತೆರೆದೆ ಎಂದು ಆ್ಯಪು ಲೆಕ್ಕ ಇಡುತ್ತದೆ, ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ ಬೀಳುತ್ತದೆ. ಮನೆಯ ತೇರ್ಸಿನಲ್ಲಿ ಜ್ವರ ಬಂದು ಮಲಗಿದವನ ಪಾಲನ್ನು ಉಳಿದವರು ಹೇಳುತ್ತಾರೆ. ಯಾರ ಲೆಕ್ಕವೂ ಸೊನ್ನೆಯಾಗುವುದಿಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ಚರ್ಚುಗಳ ಬಾಗಿಲು ಮುಚ್ಚಿದಾಗ ಪೋಪ್ ಫ್ರಾನ್ಸಿಸರು ಏಪ್ರಿಲ್ 25ರಂದು ಪತ್ರ ಬರೆದು, ಮೇ ತಿಂಗಳಿಡೀ ಮನೆಯಲ್ಲೇ ಜಪಸರ ಮಾಡಿ ಎಂದರು. ಆ ರೂಢಿ ಉಳಿದಿದ್ದ ಮನೆಗಳಿಗೆ ಆ ದಿನಗಳಲ್ಲಿ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಕೆಲಸವೇ ಪ್ರಾರ್ಥನೆ, ಬೇರೆ ಹೊತ್ತು ಯಾಕೆ ಎನ್ನುವವರೂ ಇದ್ದಾರೆ. ಅವರು ಬಹಳವಾಗಿ ನೆನೆಯುವುದು ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದು 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸರನ್ನು. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿ ಇರಬಹುದೆಂದು ಅವರು ಕಂಡುಕೊಂಡದ್ದು ನಿಜ, ಅದು ಎಷ್ಟೋ ಗೃಹಿಣಿಯರಿಗೆ ಧೈರ್ಯ ಕೊಟ್ಟಿದೆ. ಆದರೆ ಲಾರೆನ್ಸರು ಇದ್ದದ್ದು ಗಂಟೆ ಬಾರಿಸಿದಾಗಲೆಲ್ಲ ಎಲ್ಲರೂ ಪ್ರಾರ್ಥನೆಗೆ ಸೇರುವ ಮಠದಲ್ಲಿ. ಗೊತ್ತಾದ ಹೊತ್ತುಗಳು ಅವರ ದಿನವನ್ನು ಮೊದಲೇ ಹಿಡಿದು ನಿಲ್ಲಿಸಿದ್ದವು, ಅದರ ಮೇಲೆ ಅವರ ಅಡುಗೆಮನೆಯ ಧ್ಯಾನ ನಿಂತಿತು. ಆ ಹೊತ್ತುಗಳನ್ನು ಕಿತ್ತುಹಾಕಿ ಅಡುಗೆಮನೆಯನ್ನಷ್ಟೇ ಉಳಿಸಿಕೊಂಡರೆ, ಉಳಿಯುವುದು ದುಡಿಮೆ ಮಾತ್ರ.

ದುಡಿಮೆಯ ಪ್ರಶ್ನೆ ಈ ಸೀಮೆಯಲ್ಲಿ ಬರಿಯ ತತ್ತ್ವದ ಮಾತಲ್ಲ. ಕೊನೆಕೊಯ್ಲು ಶುರುವಾದರೆ ನವೆಂಬರಿನಿಂದ ಫೆಬ್ರುವರಿಯವರೆಗೆ ಅಡಿಕೆ ಸುಲಿತ ರಾತ್ರಿಯವರೆಗೂ ನಡೆಯುತ್ತದೆ. ಕೆಂಪಡಿಕೆ ಮಾಡುವುದಿದ್ದರೆ ಹಸಿಗಾಯನ್ನು ತಡಮಾಡದೆ ಸುಲಿದು ಬೇಯಿಸಬೇಕು, ಬಿಟ್ಟರೆ ಕೆಡುತ್ತದೆ. ಸುಲಿದಷ್ಟಕ್ಕೆ ಕೂಲಿ. ಸುಲಿಯುವ ಕತ್ತಿಯ ಮುಂದೆ ಕೂತವರಿಗೆ, ಅವರು ಯಾವ ಮತದವರೇ ಆಗಲಿ, ಸಂಜೆ ಏಳು ಗಂಟೆಗೆ ಬಿಡುವಿಲ್ಲ. ಆ ನಾಲ್ಕು ತಿಂಗಳ ಗಳಿಕೆ ವರ್ಷದ ಸಾಲ ತೀರಿಸಬೇಕು. ಇಂಥ ಮನೆಗೆ ಪೂರ್ತಿ ತೇರ್ಸು ತಪ್ಪಿಸಬೇಡಿ ಎಂದು ಹೇಳುವುದು ಸುಲಭ, ನ್ಯಾಯವಲ್ಲ. ಕೈ ಕೆಲಸದಲ್ಲಿದ್ದರೂ ಬಾಯಿ ಬಿಡುವಾಗಿರುತ್ತದೆ, ಒಂದು ಹತ್ತನ್ನಾದರೂ ಹೇಳಬಹುದು. ಜಪಸರವನ್ನು ಬಿಡಿಬಿಡಿಯಾಗಿ ಹೇಳಲು ಚರ್ಚು ಅಡ್ಡಿ ಮಾಡುವುದಿಲ್ಲ.

ಮನೆಯೊಳಗೂ ಭಾರ ಸಮನಾಗಿಲ್ಲ. ತೇರ್ಸು ಶುರುಮಾಡುವವಳು, ಮಕ್ಕಳನ್ನು ಎಳೆದು ತರುವವಳು, ನಡುವೆ ಎದ್ದು ಒಲೆಯ ಮೇಲಿನ ಅನ್ನ ನೋಡುವವಳು ಒಬ್ಬಳೇ. ಅವಳು ಹೇಳುವ ಐವತ್ತಮೂರರಲ್ಲಿ ಎಷ್ಟು ಅವಳದೇ ಪ್ರಾರ್ಥನೆ ಎಂದು ಕೇಳುವವರು ಕಡಿಮೆ. ಗಂಡಸರು ಅನ್ನ ಇಳಿಸಿದರೆ ಮನೆಯ ಭಕ್ತಿಗೇನೂ ಕುಂದು ಬರದು.

ಮೇಲೆ ಹೇಳಿದ ದೊಡ್ಡ ಕೊರತೆಗೆ ಮದ್ದು ಚರ್ಚಿನ ಕೈಯಲ್ಲೇ ಇದೆ. ಪೋಪ್ ಎರಡನೆಯ ಜಾನ್ ಪೌಲರು 2002ರ ಅಕ್ಟೋಬರ್ 16ರಂದು ಜಪಸರದ ಬಗ್ಗೆ ಒಂದು ಪತ್ರ ಬರೆದರು. ಹತ್ತು ಮಣಿಗೊಮ್ಮೆ ನೆನೆಯುವ ಘಟನೆಗಳಿಗೆ ರಹಸ್ಯಗಳೆಂದು ಹೆಸರು. ಯೇಸುವಿನ ಸಾರ್ವಜನಿಕ ಬದುಕಿನ ಐದು ಘಟನೆಗಳನ್ನು ಬೆಳಕಿನ ರಹಸ್ಯಗಳೆಂದು ಸೇರಿಸಿದ್ದಕ್ಕೆ ಆ ಪತ್ರ ಹೆಸರಾಯಿತು, ಗುರುವಾರಗಳಂದು ಅವು ಮನೆಗಳಲ್ಲಿ ಕೇಳಿಬರುತ್ತಿವೆ. ಅದೇ ಪತ್ರದ ಇನ್ನೊಂದು ಸಲಹೆ ಅಷ್ಟು ಬೇರೂರಲಿಲ್ಲ. ಪ್ರತಿ ರಹಸ್ಯದ ಹೆಸರು ಹೇಳಿದ ಮೇಲೆ ಅದಕ್ಕೆ ತಕ್ಕ ಬೈಬಲ್ ಭಾಗವನ್ನು ಓದಬೇಕು, ಓದಿದ ಮೇಲೆ ಸ್ವಲ್ಪ ಹೊತ್ತು ಮೌನವಾಗಿರಬೇಕು, ಆಮೇಲೆ ಮಣಿ ಎಣಿಸಬೇಕು ಎಂಬುದು ಆ ಸಲಹೆ. ತೇರ್ಸಿನ ಕೂಟಕ್ಕೆ ಮುಂಜಾನೆಯ ಓದಿನ ಎಚ್ಚರವನ್ನು ಕೂಡಿಸುವ ದಾರಿ ಇದು.

ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಹುಟ್ಟಿತು. ಅದರಲ್ಲಿ ಕೊಂಕಣಿಯ ಮನೆಗಳಿವೆ, ಕನ್ನಡದ ಮನೆಗಳಿವೆ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಕಾಡಂಚಿನಲ್ಲಿ ಕೆಥೊಲಿಕ್ ಸಿದ್ದಿಗಳ ಮನೆಗಳಿವೆ. ಈ ಮನೆಗಳ ಎಷ್ಟೋ ಹಿರಿಯರಿಗೆ ಓದು ದಕ್ಕಲಿಲ್ಲ, ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ. ಐದು ರಹಸ್ಯಗಳಿಗೆ ಐದು ಸಣ್ಣ ಭಾಗಗಳನ್ನು ಓದಲು, ಒಂದೊಂದು ಆದ ಮೇಲೆ ತುಸು ಸುಮ್ಮನಿರಲು ಹತ್ತು ನಿಮಿಷ ಹೆಚ್ಚು ಬೇಕಾದೀತು. ಹೊತ್ತಿಲ್ಲದ ದಿನ ಒಂದೇ ಹತ್ತು, ಒಂದೇ ಭಾಗ ಸಾಕು. ಓದುವ ಕೆಲಸ ಮನೆಯ ಹೈಸ್ಕೂಲು ಹುಡುಗಿಯದಾಗಲಿ, ಭಾಷೆ ಅವಳಿಗೆ ಸರಾಗವಾಗಿ ಬರುವುದಾಗಲಿ. ಓದಿದ್ದರಲ್ಲಿ ತಿಳಿಯದ್ದನ್ನು ಅವಳು ಅಲ್ಲೇ ಕೇಳಲಿ. ಮನೆಯಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಅವಳ ತಾಯಿ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುರುಗಳ ಮುಂದಿಡಬಹುದು.