ಹುಟ್ಟಿನ ಗುಟ್ಟು: ಜಪಾನಿನ ಚಿತ್ರಕಥೆಗಳ ಒಂದು ದಲಿತ ಓದು

1

ಮಂಗಾ ಅಂದರೆ ನಮ್ಮ ಕಡೆ ಮಂದಿ ಮೊದಲು ನಗುತ್ತಾರೆ. ಅವರ ಕಿವಿಗೆ ಅದು ಮಂಗ ಅಂತಲೇ ಬೀಳುವುದು. ಜಪಾನಿನವರು ತಮ್ಮ ಚಿತ್ರಕಥೆಗೆ ಇಟ್ಟುಕೊಂಡ ಹೆಸರು ಮಂಗಾ. ಅದನ್ನೇ ಚಲಿಸುವ ಚಿತ್ರ ಮಾಡಿ ತೆರೆಗೆ ತಂದರೆ ಅನಿಮೆ. ದಲಿತ ವಿಮರ್ಶೆಯ ಸಂಚಿಕೆಯೊಳಗೆ ಈ ಮಂಗನಾಟಕ್ಕೇನು ಕೆಲಸ ಎಂದು ಕೇಳುವ ಹಿರಿಯರಿದ್ದಾರೆ. ಕೇಳಲಿ. ನಮ್ಮ ವಿಮರ್ಶೆ ಇಷ್ಟು ದಿನ ಕಥೆ, ಕಾದಂಬರಿ, ಕಾವ್ಯಗಳಲ್ಲಿ ಜಾತಿಯನ್ನು ಹುಡುಕಿತು. ಅದು ಆಗಬೇಕಾದ ಕೆಲಸವೇ. ಆದರೆ ನಮ್ಮ ಕೇರಿಯ ಹುಡುಗರು ರಾತ್ರಿ ಹನ್ನೊಂದರ ತನಕ ಕಣ್ಣು ಕೀಳದೆ ನೋಡುವ ಕಥನ ಯಾವುದು, ಅದು ಅವರಿಗೆ ಹುಟ್ಟಿನ ಬಗ್ಗೆ ಏನು ಹೇಳಿಕೊಡುತ್ತಿದೆ ಎಂದು ಯಾರೂ ಕೇಳಲಿಲ್ಲ.

ಅನಮೋಡ ಜೊಯಿಡಾ ತಾಲೂಕಿನ ಗಡಿಯ ಊರು. ಘಟ್ಟ ಇಳಿದರೆ ಗೋವಾ. ಇಲ್ಲಿಯ ಹುಡುಗರಿಗೆ ಮನೆಯಲ್ಲಿ ಕೊಂಕಣಿಯೋ ಮರಾಠಿಯೋ, ಸಾಲಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ. ನರುಟೊ, ಲೂಫಿ, ತಾಂಜಿರೊ ಎಲ್ಲರೂ ಇವರೊಂದಿಗೆ ಹಿಂದಿಯಲ್ಲೇ ಮಾತಾಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ‘ಡೆಮನ್ ಸ್ಲೇಯರ್’ ಸಿನಿಮಾ ಭಾರತದ ಥೇಟರುಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು ಮಾತುಗಳಿದ್ದವು, ಕನ್ನಡ ಇರಲಿಲ್ಲ. ಕನ್ನಡ ಸಂಸ್ಕೃತಿ ಕೆಡುತ್ತದೆ ಎಂದು ದಶಕಗಳ ಕಾಲ ಡಬ್ಬಿಂಗಿಗೆ ಅಡ್ಡಗೋಡೆ ಕಟ್ಟಿದ್ದರ ಫಲ ಇದು. 2015ರಲ್ಲಿ ಸ್ಪರ್ಧಾ ಆಯೋಗ ಆ ಗೋಡೆ ತಪ್ಪೆಂದು ಆದೇಶ ಕೊಟ್ಟರೂ, ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ತಮ್ಮ ಬೆರಗನ್ನೆಲ್ಲ ಬೇರೆ ಭಾಷೆಗೆ ಒಯ್ದಾಗಿತ್ತು. ಸಂಸ್ಕೃತಿ ಕಾಯುವವರು ಯಾರ ಸಂಸ್ಕೃತಿಯನ್ನು ಯಾರಿಂದ ಕಾಯುತ್ತಿದ್ದರು ಅನ್ನುವ ಪ್ರಶ್ನೆಯೂ ದಲಿತ ವಿಮರ್ಶೆಯದೇ. ಅದನ್ನು ಇನ್ನೊಮ್ಮೆ ನೋಡೋಣ.

ನಾನು ಈ ಕಥನಗಳ ಅಭಿಮಾನಿ. ಅಭಿಮಾನಿಯಾಗಿಯೇ ಜಗಳ ತೆಗೆಯುತ್ತಿದ್ದೇನೆ.

2

ಕಿಶಿಮೊತೊ ಮಸಾಶಿ ಬರೆದ ‘ನರುಟೊ’ 1999ರಿಂದ 2014ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಬಂತು. ಅದರ ಮೊದಲ ಪುಟಗಳನ್ನು ದಲಿತ ಹುಡುಗನೊಬ್ಬ ಸುಮ್ಮನೆ ಓದಲಾರ. ತಾಯಿತಂದೆ ಇಲ್ಲದ ಹುಡುಗ. ಊರಿಗೆ ಕೇಡು ಮಾಡಿದ ಒಂಬತ್ತು ಬಾಲದ ನರಿಯನ್ನು ಅವನ ಹೊಟ್ಟೆಯೊಳಗೆ ಬಂಧಿಸಿಟ್ಟಿದ್ದಾರೆ. ಊರಿನ ದೊಡ್ಡವರು ಅವನನ್ನು ಕಂಡರೆ ಮುಖ ತಿರುಗಿಸುತ್ತಾರೆ, ತಮ್ಮ ಮಕ್ಕಳನ್ನು ಅವನ ಹತ್ತಿರ ಬಿಡುವುದಿಲ್ಲ. ಆ ಮಕ್ಕಳಿಗೋ, ಯಾಕೆ ದೂರ ಇರಬೇಕು ಅನ್ನುವುದೇ ಗೊತ್ತಿಲ್ಲ. ಕಾರಣ ಹೇಳಬಾರದೆಂದು ಊರಲ್ಲಿ ಕಟ್ಟಳೆ ಇದೆ. ಅಸ್ಪೃಶ್ಯತೆ ನಡೆಯುವುದೇ ಹೀಗಲ್ಲವೇ? ಕಾರಣ ಮರೆತುಹೋಗಿರುತ್ತದೆ, ದೂರ ಮಾತ್ರ ಉಳಿದಿರುತ್ತದೆ.

ಇದೇ ಕಥೆಯಲ್ಲಿ ಹ್ಯೂಗಾ ಎಂಬ ಮನೆತನವಿದೆ. ಅದರಲ್ಲಿ ಹಿರಿಮನೆ, ಕಿರಿಮನೆ ಎಂದು ಎರಡು. ಕಿರಿಮನೆಯಲ್ಲಿ ಹುಟ್ಟಿದವರ ಹಣೆಗೆ ಮುದ್ರೆ ಹಾಕುತ್ತಾರೆ. ಹಿರಿಮನೆಯವರು ಮನಸ್ಸು ಮಾಡಿದರೆ ಆ ಮುದ್ರೆಯ ಮೂಲಕವೇ ಅವರ ಮಿದುಳು ಸುಡಬಹುದು. ಕಿರಿಮನೆಯ ನೇಜಿ ಎಂಬ ಹುಡುಗ ಎಲ್ಲರಿಗಿಂತ ಪ್ರತಿಭಾವಂತ, ಆದರೂ ಕಾವಲಿನ ಆಳು. ಹಣೆಬರಹ ಬದಲಾಗುವುದಿಲ್ಲ ಎಂದು ಅವನು ಕಹಿಯಾಗಿ ಹೇಳುತ್ತಾನೆ. ಹಣೆಬರಹ ಅನ್ನುವ ನಮ್ಮ ಮಾತಿಗೆ ಇಷ್ಟು ನೇರವಾದ ಚಿತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ನರುಟೊ ಅವನನ್ನು ಸೋಲಿಸಿ, ಹುಟ್ಟಿನ ಮಾತು ಬಿಡು ಅನ್ನುತ್ತಾನೆ. ಆ ಕಂತು ನೋಡಿ ಚಪ್ಪಾಳೆ ಹೊಡೆಯದ ಹುಡುಗ ನಮ್ಮಲ್ಲಿ ಯಾರಿದ್ದಾನೆ?

ನನ್ನ ತಕರಾರು ಶುರುವಾಗುವುದು ಆ ಚಪ್ಪಾಳೆ ನಿಂತ ಮೇಲೆ. ಕಥೆ ಬೆಳೆದಂತೆ ಗೊತ್ತಾಗುತ್ತದೆ: ಅನಾಥ ನರುಟೊ ಅನಾಥನಲ್ಲ, ಊರಿನ ನಾಲ್ಕನೆಯ ನಾಯಕನ ಮಗ. ಅಷ್ಟಕ್ಕೇ ನಿಲ್ಲದೆ, ಪುರಾತನ ಮಹಾಪುರುಷನೊಬ್ಬನ ಮಗನ ಪುನರ್ಜನ್ಮವೂ ಹೌದು. ಹುಟ್ಟಿನ ಮಾತು ಬಿಡು ಎಂದವನಿಗೇ ಹುಟ್ಟು ಕೈಹಿಡಿಯಿತು. ನೇಜಿ ಏನಾದ? ಯುದ್ಧದಲ್ಲಿ ನರುಟೊವನ್ನೂ ಹಿರಿಮನೆಯ ಮಗಳು ಹಿನಾತಾಳನ್ನೂ ಉಳಿಸಲು ಎದೆಯೊಡ್ಡಿ ಸತ್ತ. ಹಣೆಯ ಮುದ್ರೆ ಮಾಯವಾದದ್ದು ಜೀವ ಹೋದ ಮೇಲೆ. ಆಳಿನ ಮಗ ಒಡೆಯರ ಮಗಳಿಗಾಗಿ ಸಾಯುವುದನ್ನು ತ್ಯಾಗ ಅನ್ನುವ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಮುಂದಿನ ಸಿರೀಸು ‘ಬೊರುಟೊ’. ಅದರ ನಾಯಕ ಯಾರು? ನಾಯಕನ ಮಗ.

ಈ ಕಥೆಯಲ್ಲಿ ಯಾವ ಗುಟ್ಟೂ ಇಲ್ಲದವನು ಒಬ್ಬನೇ, ರಾಕ್ ಲೀ. ಮಂತ್ರವಿದ್ಯೆ ಒಂದೂ ಬಾರದು, ಇರುವುದು ಕೈಕಾಲು ಮತ್ತು ಬೆವರು. ಕಾಲಿಗೆ ಕಟ್ಟಿಕೊಂಡ ಭಾರ ಬಿಚ್ಚಿ ಒಗೆದು ಅವನು ಓಡುವ ಆ ಕಾದಾಟ ಇಡೀ ಸಿರೀಸಿನಲ್ಲೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಆದರೆ ಕಥೆಗಾರನಿಗೆ ಅವನಿಂದ ಏನು ಮಾಡಿಸಬೇಕು ಅಂತ ತಿಳಿಯದೆ ಹೋಯಿತು. ಅರ್ಧದಿಂದಾಚೆ ಅವನು ಮೂಲೆಗೆ ಸರಿದ.

3

ಇದಕ್ಕೆ ನಾನು ಹುಟ್ಟಿನ ಗುಟ್ಟು ಎಂದು ಹೆಸರಿಡುತ್ತೇನೆ. ಕೀಳೆಂದು ತಳ್ಳಿದವನು ಗೆಲ್ಲಬೇಕಾದರೆ ಅವನು ನಿಜವಾಗಿ ಕೀಳಾಗಿರಬಾರದು, ಎಲ್ಲೋ ಒಳಗೆ ಒಳ್ಳೆ ರಕ್ತ ಇರಬೇಕು. ಇದು ಜಪಾನಿನ ಸರಕೇನೂ ಅಲ್ಲ, ನಮ್ಮ ಮನೆಯ ಹಳೇ ಗಂಟು. ಸೂತಪುತ್ರನೆಂದು ತುಂಬಿದ ಸಭೆಯಲ್ಲಿ ಹೀಯಾಳಿಸಿಕೊಂಡ ಕರ್ಣನನ್ನು ಪಂಪನಿಂದ ಹಿಡಿದು ಬಯಲಾಟದವರ ತನಕ ಎಲ್ಲರೂ ಹಚ್ಚಿಕೊಂಡರು. ನಮ್ಮವರೂ ಹಚ್ಚಿಕೊಂಡರು. ಆದರೆ ಕರ್ಣ ಸೂರ್ಯನ ಮಗ, ಕುಂತಿಯ ಮಗ. ಅವನ ನೋವು ಸೂತನ ನೋವಲ್ಲ, ತಪ್ಪಿ ಸೂತರ ಮನೆಗೆ ಬಿದ್ದ ಕ್ಷತ್ರಿಯನ ನೋವು. ಸಾಕಿದ ಅಧಿರಥ ಮತ್ತು ರಾಧೆ ನಿಜವಾಗಿ ಹೆತ್ತ ಮಕ್ಕಳ ನೋವನ್ನು ಬರೆದವರು ಯಾರು?

ಏಕಲವ್ಯನಾದರೂ ನಮ್ಮವನು ಎಂದುಕೊಂಡಿದ್ದೆವು. ಹರಿವಂಶ ಅವನನ್ನೂ ಬಿಡಲಿಲ್ಲ. ಅವನು ಮೂಲದಲ್ಲಿ ಯಾದವ ಕುಲದ ದೇವಶ್ರವನ ಮಗ, ನಿಷಾದರು ಸಾಕಿದರು ಅಷ್ಟೇ, ಎಂದು ಅದು ಹೇಳುತ್ತದೆ. ಹೆಬ್ಬೆರಳು ಕಿತ್ತುಕೊಂಡದ್ದು ಸಾಲದೆ ತಾಯಿತಂದೆಯನ್ನೂ ಕಿತ್ತುಕೊಂಡರು. ಬೇಡನೊಬ್ಬ ತಾನೇ ತಾನಾಗಿ ಬಿಲ್ಲು ಕಲಿತ ಎಂದು ಒಪ್ಪಲು ಪುರಾಣಕ್ಕೆ ಮನಸ್ಸಾಗಲಿಲ್ಲ. ದೊಡ್ಡದೇನಾದರೂ ಕೆಳಗಿನಿಂದ ಬಂದರೆ ಅದಕ್ಕೆ ಮೇಲಿನದೊಂದು ವಿಳಾಸ ಹಚ್ಚಲೇಬೇಕು. ಪುರೋಹಿತಶಾಹಿಯ ಬಹಳ ನುಣ್ಣಗಿನ ಆಯುಧ ಇದು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಹೊಗಳುತ್ತಲೇ ಕಸಿಯುತ್ತದೆ.

4

ಓದಾ ಎಯಿಚಿರೊ 1997ರಿಂದ ಬರೆಯುತ್ತಿರುವ, ಇನ್ನೂ ಮುಗಿಯದ ‘ಒನ್ ಪೀಸ್’ ಈ ವಿಷಯದಲ್ಲಿ ಹೆಚ್ಚು ಜಾಣ. ಅದರಲ್ಲಿ ಲೋಕವನ್ನಾಳುವ ಒಂದು ವರ್ಗವಿದೆ, ದೇವಕುಲದವರೆಂದು ಹೇಳಿಕೊಳ್ಳುವವರು. ಸಾಮಾನ್ಯರು ಉಸಿರಾಡುವ ಗಾಳಿ ತಮಗೆ ತಾಗಬಾರದೆಂದು ತಲೆಗೆ ನೀರ್ಗುಳ್ಳೆಯಂಥ ಗೋಳ ಹಾಕಿಕೊಂಡು ತಿರುಗುತ್ತಾರೆ. ಮಡಿ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಗೇಲಿ ಮಾಡಿದ ಚಿತ್ರ ನಮ್ಮ ದೇಶದಲ್ಲೇ ಬಂದಿಲ್ಲ. ಮನುಷ್ಯರನ್ನು ಹರಾಜು ಹಾಕುವ ಜಾಗದಲ್ಲಿ ಲೂಫಿ ಅಂಥವನೊಬ್ಬನ ಮುಖಕ್ಕೆ ಗುದ್ದುತ್ತಾನಲ್ಲ, ಆ ಗುದ್ದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಅದಕ್ಕಿಂತ ಆಳವಾದದ್ದು ಫಿಶರ್ ಟೈಗರ್ ಎಂಬ ಮೀನುಮನುಷ್ಯನ ಕಥೆ. ಗುಲಾಮನಾಗಿದ್ದವನು, ತಪ್ಪಿಸಿಕೊಂಡು, ತಿರುಗಿ ಹೋಗಿ ಸಾವಿರಾರು ಗುಲಾಮರನ್ನು ಬಿಡಿಸುತ್ತಾನೆ. ಅವರ ಮೈಮೇಲೆ ಒಡೆಯರು ಸುಟ್ಟ ಗೊರಸಿನ ಮುದ್ರೆ ಇದೆ. ಅದನ್ನು ಅಳಿಸಲಾಗದು. ಹಾಗಾಗಿ ಅದರ ಮೇಲೆ ಸೂರ್ಯನ ಮುದ್ರೆ ಒತ್ತಿಸುತ್ತಾನೆ. ಗುಲಾಮರಾಗಿರದಿದ್ದ ಜೊತೆಗಾರರೂ ಅದನ್ನೇ ಒತ್ತಿಸಿಕೊಳ್ಳುತ್ತಾರೆ. ಯಾರು ಗುಲಾಮರಾಗಿದ್ದರು, ಯಾರು ಅಲ್ಲ ಎಂದು ಯಾರೂ ಗುರುತಿಸದ ಹಾಗೆ. ಇದನ್ನು ಓದುವಾಗ 1956ರ ಅಕ್ಟೋಬರಿನ ನಾಗಪುರ ನೆನಪಾಗದೆ ಇರುತ್ತದೆಯೇ? ಗಾಯದ ಗುರುತನ್ನೇ ಸಂಘಟನೆಯ ಗುರುತಾಗಿ ಮಾಡುವುದು, ಅದನ್ನು ಗಾಯವಿಲ್ಲದವರೂ ಹೊರುವುದು. ಇಲ್ಲಿ ಹುಟ್ಟಿನ ಗುಟ್ಟು ಇಲ್ಲ. ಹುಟ್ಟನ್ನು ಎಲ್ಲರೂ ಸೇರಿ ಮುಚ್ಚುವ ರಾಜಕಾರಣವಿದೆ.

ಆದರೆ ಓದಾನ ಜೊತೆಗೂ ಎರಡು ಜಗಳ ಉಳಿದಿವೆ. ಒಂದು, ದ್ವೇಷವನ್ನು ಮುಂದಿನ ತಲೆಮಾರಿಗೆ ದಾಟಿಸಬೇಡಿ ಎಂಬ ಬುದ್ಧಿಮಾತಿನ ಭಾರವನ್ನೆಲ್ಲ ಅವನು ಹೊರಿಸುವುದು ಮೀನುಮನುಷ್ಯರ ಮೇಲೆ. ಹೊಡೆದವರಿಗೆ ಪಾಠವಿಲ್ಲ, ಹೊಡೆಸಿಕೊಂಡವರಿಗೆ ಸಂಯಮದ ಪಾಠ. ಎರಡನೆಯದು, ಲೂಫಿಗೂ ವಂಶಾವಳಿ ಬಂತು. ಅಜ್ಜ ನೌಕಾಪಡೆಯ ವೀರ, ಅಪ್ಪ ಕ್ರಾಂತಿಕಾರಿಗಳ ನಾಯಕ. ಎಲ್ಲಕ್ಕಿಂತ ಮೇಲೆ, ಅವನು ತಿಂದ ಹಣ್ಣು ಗುಲಾಮರು ಕಾಯುತ್ತಿದ್ದ ಸೂರ್ಯದೇವನದು ಎಂದು 2022ರಲ್ಲಿ ಬಯಲಾಯಿತು. ಗುಲಾಮರ ದೇವರು ಬಂದ, ಸಂತೋಷ. ಆದರೆ ಗುಲಾಮರೊಳಗಿನಿಂದ ಬರಲಿಲ್ಲ.

5

ಹಾಗಾದರೆ ಗುಟ್ಟಿಲ್ಲದ ಕಥೆ ಸಾಧ್ಯವೇ ಇಲ್ಲವೇ? ಇದೆ. ಅದೂ ಜಪಾನಿನಲ್ಲೇ, ಅರವತ್ತು ವರ್ಷದ ಹಿಂದೆ. ಅದನ್ನು ತಿಳಿಯಬೇಕಾದರೆ ಅಲ್ಲಿಯ ಅಸ್ಪೃಶ್ಯರ ವಿಷಯ ನಾಲ್ಕು ಮಾತು ಹೇಳಬೇಕು. ಸತ್ತ ದನ ಎತ್ತುವ, ತೊಗಲು ಹದ ಮಾಡುವ, ಗಲ್ಲಿಗೇರಿಸುವ ಕೆಲಸಗಳನ್ನು ವಂಶಪಾರಂಪರ್ಯವಾಗಿ ಹೊತ್ತ ಜನರನ್ನು ಅಲ್ಲಿ ಎತಾ, ಹಿನಿನ್ ಎಂದು ಕರೆದರು. ಎತಾ ಅಂದರೆ ಹೊಲಸು ತುಂಬಿದವನು. ಹಿನಿನ್ ಅಂದರೆ ಮನುಷ್ಯನಲ್ಲದವನು. 1871ರಲ್ಲಿ ಕಾನೂನು ಆ ಹೆಸರುಗಳನ್ನು ತೆಗೆಯಿತು, ಕಳಂಕ ಹೋಗಲಿಲ್ಲ. ಇವತ್ತು ಅವರನ್ನು ಬುರಾಕು ಜನ ಅನ್ನುತ್ತಾರೆ, ಅಂದರೆ ಕೇರಿಯವರು. 1922ರಲ್ಲಿ ಕ್ಯೋತೊ ನಗರದಲ್ಲಿ ಅವರು ಸುಯಿಹೇಶಾ ಎಂಬ ಸಮತೆಯ ಸಂಘ ಕಟ್ಟಿದರು. ನಮ್ಮಲ್ಲಿ ಮಹಾಡದ ಕೆರೆಯ ನೀರು ಮುಟ್ಟುವುದಕ್ಕೆ ಐದು ವರ್ಷ ಮೊದಲು. 1975ರಲ್ಲಿ ಅಲ್ಲೊಂದು ಸಂಗತಿ ಬಯಲಾಯಿತು: ಯಾವ ಯಾವ ಊರು ಈ ಜನರದ್ದು ಎಂಬ ಗುಪ್ತ ಪಟ್ಟಿಯನ್ನು ಕಂಪನಿಗಳಿಗೆ ಮಾರುತ್ತಿದ್ದರು, ನೌಕರಿ ಕೊಡುವ ಮುಂಚೆ ನೋಡಿಕೊಳ್ಳಲು. ನಮ್ಮಲ್ಲಿ ಪಟ್ಟಿ ಬೇಕಿಲ್ಲ. ‘ನಿಮ್ಮ ಅಡ್ಡಹೆಸರು ಏನ್ರೀ?’ ಅಂದರೆ ಮುಗಿಯಿತು.

ಈ ಹಿನಿನ್ ಕೇರಿಯಲ್ಲಿ ಹುಟ್ಟಿದವನು ಕಾಮುಯಿ. ಶಿರಾತೊ ಸಾನ್ಪೆಯಿ ಬರೆದ ‘ಕಾಮುಯಿ ದೆನ್’ 1964ರಿಂದ 1971ರವರೆಗೆ ‘ಗಾರೊ’ ಎಂಬ ಮಾಸಪತ್ರಿಕೆಯಲ್ಲಿ ಬಂತು. ಆ ಪತ್ರಿಕೆ ಹುಟ್ಟಿದ್ದೇ ಮುಖ್ಯವಾಗಿ ಈ ಕಥೆಗಾಗಿ. ಚಳವಳಿಯ ವಿದ್ಯಾರ್ಥಿಗಳು ಇದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಇದರಲ್ಲಿ ಕಾಮುಯಿ ಒಬ್ಬನೇ ನಾಯಕನಲ್ಲ. ಜೀತದಾಳಿನಂಥ ಮನೆಯಲ್ಲಿ ಹುಟ್ಟಿ ಅಕ್ಷರಕ್ಕೆ ಹಂಬಲಿಸುವ ಶೋಸುಕೆ ಇದ್ದಾನೆ. ಆಳುವವರು ಹಿನಿನ್ ಜನರ ಕೈಗೇ ಬಡಿಗೆ ಕೊಟ್ಟು ರೈತರ ಮೇಲೆ ಬಿಡುತ್ತಾರೆ. ರೈತರ ಸಿಟ್ಟು ಅರಮನೆಯ ಕಡೆ ಹೋಗದೆ ಕೇರಿಯ ಕಡೆ ತಿರುಗುತ್ತದೆ. ಜಾತಿ ಕೆಲಸ ಮಾಡುವ ಬಗೆ ಇದೇ, ಶಿರಾತೊ ಅದನ್ನು ಯಂತ್ರ ಬಿಚ್ಚಿ ತೋರಿಸಿದ ಹಾಗೆ ತೋರಿಸುತ್ತಾನೆ. ಕೊನೆಗೆ ದಂಗೆ ಏಳುತ್ತದೆ, ಮುರಿಯುತ್ತದೆ. ಮುಂದಾಳುಗಳನ್ನೆಲ್ಲ ಕೊಂದು ಶೋಸುಕೆಯೊಬ್ಬನನ್ನು ಬಿಟ್ಟು ಕಳಿಸುತ್ತಾರೆ, ನಾಲಿಗೆ ಕತ್ತರಿಸಿ. ಇವನೇ ನಮ್ಮನ್ನು ಮಾರಿಕೊಂಡ ಎಂದು ಊರವರು ಅವನನ್ನು ಹೊಡೆಯುತ್ತಾರೆ. ಅಲ್ಲ ಎಂದು ಹೇಳಲು ಅವನಿಗೆ ನಾಲಿಗೆಯಿಲ್ಲ. ಚಳವಳಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೂ ಒಂದು ಹುಟ್ಟಿನ ಗುಟ್ಟಿದೆ, ಆದರೆ ಅದು ಕಾಮುಯಿಯದಲ್ಲ. ಆ ಸಂಸ್ಥಾನ ಮುಚ್ಚಿಟ್ಟುಕೊಂಡು ಕೂತ ಗುಟ್ಟು ಎಂದರೆ, ನಾಡನ್ನೇ ಆಳುವ ತೊಕುಗಾವಾ ವಂಶದ ಮೂಲಪುರುಷ ಇಯೆಯಾಸುವೇ ಹುಟ್ಟಿನಿಂದ ಕೀಳೆನಿಸಿಕೊಂಡ ಜನರವನು ಎಂಬುದು. ಚರಿತ್ರೆ ಇದನ್ನು ಒಪ್ಪುತ್ತದೋ ಬಿಡುತ್ತದೋ, ಅದು ಬೇರೆ ಮಾತು. ಕಥೆಯ ನಡೆ ನೋಡಿ. ಕೇರಿಯವನು ರಾಜನ ಮಗ ಎಂದು ಹೇಳುವ ಬದಲು, ಸಿಂಹಾಸನದ ಮೇಲಿರುವುದೂ ಕೇರಿಯದೇ ರಕ್ತ ಎಂದು ಶಿರಾತೊ ಹೇಳಿದ. ಆಗ ರಕ್ತ ಅನ್ನುವ ಮಾತೇ ಸುಳ್ಳಾಗುತ್ತದೆ.

6

ಇದನ್ನು ಓದಿದಾಗ ಕನ್ನಡದವನಿಗೆ ಬಸವಣ್ಣ ನೆನಪಾಗಬೇಕು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವನು, ತಾನು ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗ ಎಂದು ವಚನದಲ್ಲಿ ಸಾರಿಕೊಂಡ. ಕರ್ಣನ ಕಥೆಯನ್ನು ತಲೆಕೆಳಗು ಮಾಡಿದ್ದು ಇದು. ಎಂಟುನೂರು ವರ್ಷದ ಹಿಂದೆಯೇ ನಮ್ಮಲ್ಲಿ ಇಂಥ ಕಲ್ಪನೆ ಇತ್ತು. ನಾವು ಅದನ್ನು ಭಕ್ತಿ, ವಿನಯ ಎಂದು ಓದಿ ಮಡಚಿಟ್ಟೆವು.

ಒಂದು ಆಕ್ಷೇಪ ಬರಬಹುದು. ಶೂದ್ರರು ಮೂಲದಲ್ಲಿ ಕ್ಷತ್ರಿಯರು ಎಂದು 1946ರ ಪುಸ್ತಕದಲ್ಲಿ ಬಾಬಾಸಾಹೇಬರೇ ವಾದಿಸಲಿಲ್ಲವೇ? ವಾದಿಸಿದರು. ಅವರು ಹುಡುಕುತ್ತಿದ್ದದ್ದು ಒಂದು ಜನಸಮೂಹವನ್ನು ಯಾರು, ಹೇಗೆ ಕೆಳಗೆ ದಬ್ಬಿದರು ಎಂಬ ಚರಿತ್ರೆಯನ್ನು. ಗೌರವಕ್ಕೆ ಬೇಕಾದ ವಂಶದ ಸರ್ಟಿಫಿಕೇಟನ್ನಲ್ಲ. 1948ರಲ್ಲಿ ಅಸ್ಪೃಶ್ಯರ ಮೂಲ ಬರೆಯುವಾಗ ಅವರು ನಮಗೆ ಯಾವ ರಾಜನನ್ನೂ ತಂದುಕೊಡಲಿಲ್ಲ. ಯುದ್ಧಗಳಲ್ಲಿ ಸೋತು, ಕುಲದಿಂದ ಚದುರಿ, ಊರ ಹೊರಗೆ ನೆಲೆಸಿದ, ಬುದ್ಧನನ್ನು ಬಿಡದ ಜನ ಎಂದರು. ಒಡೆದುಹೋದವರು, ಅಷ್ಟೇ. ಊರೊಳಗಿನವರಿಗೂ ಹೊರಗಿನವರಿಗೂ ಜನಾಂಗದ ಭೇದವೇ ಇಲ್ಲ ಎಂದರು.

ಈ ಮಾತು ಈಗ ಯಾಕೆ ಬೇಕು ಅಂದರೆ, ನಮ್ಮ ಕೇರಿಗಳಲ್ಲೂ ಹುಟ್ಟಿನ ಗುಟ್ಟಿನ ವ್ಯಾಪಾರ ಶುರುವಾಗಿದೆ. ‘ನಾವೂ ಒಂದು ಕಾಲಕ್ಕ ಅರಸರಾಗಿದ್ವಿ’ ಎಂಬ ಮಾತು ಭಾಷಣದಲ್ಲಿ, ವಾಟ್ಸಾಪಿನಲ್ಲಿ, ಜಾತ್ರೆಯ ಬ್ಯಾನರಿನಲ್ಲಿ ಕತ್ತಿ ಹಿಡಿದು ನಿಂತಿದೆ. ಕಳೆದುಹೋದ ಚರಿತ್ರೆ ಹುಡುಕುವುದು ಬೇರೆ, ಅದು ನಮ್ಮ ಹಕ್ಕು. ಆದರೆ ಅರಸನ ರಕ್ತವಿದ್ದರೆ ಮಾತ್ರ ತಲೆ ಎತ್ತಬಹುದು ಎಂಬ ನಂಬಿಕೆಯನ್ನು ಅದರ ಜೊತೆ ಮನೆಗೆ ತಂದರೆ, ಅರಸನಿಲ್ಲದವರು ಏನು ಮಾಡಬೇಕು? ಚಪ್ಪಲಿ ಹೊಲಿದ ಅಜ್ಜನಿಗೆ, ಮಲ ಹೊತ್ತ ಅಜ್ಜಿಗೆ ನಾವು ಯಾವ ಜಾಗ ಕೊಡುತ್ತೇವೆ? ಅವರನ್ನು ಮರೆಸಲಿಕ್ಕೆ ಒಬ್ಬ ರಾಜ ಬೇಕಾಗಿದ್ದರೆ ನಮಗೂ ಹರಿವಂಶಕ್ಕೂ ಏನು ವ್ಯತ್ಯಾಸ?

ಹುಡುಗರು ನರುಟೊ ನೋಡುವುದನ್ನು ಬಿಡಿಸಬೇಕಿಲ್ಲ. ಬಿಡಿಸಿದರೂ ಬಿಡುವುದಿಲ್ಲ, ನಾನೇ ಬಿಟ್ಟಿಲ್ಲ. ಅವರ ಜೊತೆ ಕೂತು ನೋಡಿ, ‘ಇವನು ನಾಯಕನ ಮಗ ಆಗಿರದಿದ್ದರೆ ಏನಾಗ್ತಿತ್ತು?’ ಎಂದು ಕೇಳಬೇಕು. ವಿಮರ್ಶೆ ಅಲ್ಲಿಂದಲೇ ಶುರುವಾಗುತ್ತದೆ. ಅಂಬೇಡ್ಕರರ ಬದುಕನ್ನು ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ‘ಭೀಮಾಯಣ’ದಲ್ಲಿ 2011ರಲ್ಲೇ ಬರೆದು ತೋರಿಸಿದ್ದಾರೆ. ಜಾತಿಯ ಮಾತಿಗೆ ಅಲ್ಲಿ ಚೇಳಿನ ಕೊಂಡಿ, ನೊಂದವರ ಮಾತಿಗೆ ಹಕ್ಕಿಯ ಆಕಾರ. ಅಂಥ ಗೆರೆ ಎಳೆಯುವ ಕೈಗಳು ಜೊಯಿಡಾ, ಹಳಿಯಾಳ, ಮುಂಡಗೋಡಗಳ ಸಾಲಿಗಳಲ್ಲೂ ಇವೆ. ಅವರಿಗೆ ಬೇಕಾಗಿರುವುದು ಪೆನ್ಸಿಲು, ಹಾಳೆ ಮತ್ತು ಕೊನೆಯ ಪುಟದ ತನಕವೂ ಕೇರಿಯವರ ಮಗನಾಗಿಯೇ ಉಳಿಯುವ ಒಬ್ಬ ನಾಯಕ. ಮಗಳಾದರೆ ಇನ್ನೂ ಒಳ್ಳೆಯದು.