ಆವರಣ ಚಿಹ್ನೆಯೊಳಗೆ ಸಿಕ್ಕ ಮಾತು

ಕತೆಯೊಂದನ್ನು ಕುರಿತು ಬರೆಯುವಾಗ ನಮ್ಮ ವಿಮರ್ಶಕರು ವಸ್ತು, ಪಾತ್ರ, ಆಶಯ ಎಂದು ದೊಡ್ಡ ಸಂಗತಿಗಳನ್ನೇ ಕೈಗೆತ್ತಿಕೊಳ್ಳುತ್ತಾರೆ. ಆದರೆ ಓದುಗನ ಮನಸ್ಸಿನ ಮೇಲೆ ಕೆಲಸ ಮಾಡುವುದು ಬಹಳ ಸಲ ಅಚ್ಚಿನ ಸಣ್ಣ ಗುರುತುಗಳು. ಮುಸ್ಲಿಮ್ ಬದುಕಿನ ಕನ್ನಡ ಕತೆಗಳನ್ನು ತಿರುವಿ ನೋಡಿ. ‘ನಮಾಜ್’ ಎಂದು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಆವರಣ ತೆರೆದು ಪ್ರಾರ್ಥನೆ ಎಂದು ಅರ್ಥ ಕೊಟ್ಟಿರುತ್ತಾರೆ. ಓದುಗನಿಗೆ ಅರ್ಥವಾಗಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಆ ಗುರುತು ಇನ್ನೊಂದು ಮಾತನ್ನೂ ಹೇಳಿಬಿಡುತ್ತದೆ: ಈ ಪದ ಈ ಮನೆಯದಲ್ಲ.

ಹಾಗಾದರೆ ಈ ಮನೆಯ ಪದಗಳು ಯಾವುವು? ಕೂಡ್ಲಿಗಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ತಾಲೂಕು ಕಚೇರಿಯ ಮುಂದೆ ನಿಂತ ರೈತ ‘ಜಮೀನಿನ ನಕಲಿಗೆ ಅರ್ಜಿ ಹಾಕೀನಿ, ಪಕ್ಕದ ಹೊಲದಾತ ತಕರಾರು ತೆಗದಾನ’ ಎನ್ನುತ್ತಾನೆ. ಜಮೀನು, ನಕಲು, ಅರ್ಜಿ, ತಕರಾರು ಎಲ್ಲವೂ ಅರಬ್ಬಿ, ಪಾರಸಿಯಿಂದ ಬಂದವು. ಇವಕ್ಕೆ ಯಾರೂ ಆವರಣ ಹಾಕುವುದಿಲ್ಲ. ಉರ್ದು ಶಾಲೆಯಲ್ಲೂ ಕಲಿತ ನಮಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಉರ್ದುವಿನಲ್ಲಿ ಜಮೀನು ‘ಜೇ’ ಅಕ್ಷರದ್ದು, ಜಿಮ್ಮೆ ‘ಜಾಲ್’ನದು, ಜಿಲ್ಲೆ ‘ಜ್ವಾದ್’ನದು, ಜಾಹೀರು ‘ಜೋಯ್’ನದು. ಈ ನಾಲ್ಕು ಅಕ್ಷರಗಳ ಕಾಗುಣಿತ ತಪ್ಪಿದ್ದಕ್ಕೆ ಏಟು ತಿನ್ನದ ಹುಡುಗರು ಕಡಿಮೆ. ಕನ್ನಡಕ್ಕೆ ಬಂದಾಗ ನಾಲ್ಕೂ ಸದ್ದಿಲ್ಲದೆ ಒಂದೇ ‘ಜ’ದೊಳಗೆ ಕೂತುಬಿಟ್ಟವು. ಅರ್ಜಿ ಕನ್ನಡವಾಗಬಹುದಾದರೆ ದುಆ ಏಕೆ ಆಗಬಾರದು? ಒಂದು ಕಚೇರಿಯಿಂದ ಬಂತು, ಇನ್ನೊಂದು ಅಡುಗೆಮನೆಯಿಂದ, ಅಷ್ಟೇ ವ್ಯತ್ಯಾಸ.

ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಥಾಮಸ್ ಮನ್ರೋ ಪಾತ್ರವಾಗಿ ಬರುವ ಆ ಕಾದಂಬರಿಯನ್ನು ಹಿಡಿದ ಹೊರಗಿನ ಓದುಗ ಮೊದಲ ಪುಟಗಳಲ್ಲಿ ಎಡವುತ್ತಾನೆ. ಕಟ್ಟೆಯ ಮೇಲಿನ ಮಾತಿನಂತೆ ಓಡುವ ವಾಕ್ಯಗಳು, ಸರಕಾರಿ ದಫ್ತರದ ಪದಗಳು, ಈ ಸೀಮೆಯ ಉಚ್ಚಾರ ಎಲ್ಲವೂ ಬೆರೆತ ಬರವಣಿಗೆ ಅದು. ಲೇಖಕರು ನಿಂತು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಎಡವಿದ ಓದುಗ ಕಿವಿ ಹೊಂದಿಸಿಕೊಳ್ಳುತ್ತಾನೆ. ಆಮೇಲೆ ಆ ಭಾಷೆಯೇ ಅವನನ್ನು ಎಳೆದುಕೊಂಡು ಹೋಗುತ್ತದೆ. ಕೆಲವೆಡೆ ಪಾತ್ರಗಳೆಲ್ಲ ಲೇಖಕರ ಬಾಯಿಂದಲೇ ಮಾತಾಡಿದಂತೆ ನಮಗೆ ಕೇಳಿಸಿದ್ದುಂಟು. ಅದು ಬೇರೆ ವಿಷಯ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರಿಗೂ ಈ ಗುಟ್ಟು ಗೊತ್ತಿತ್ತು. ಒಂದು ಪದದ ಎರಡು ಅರ್ಥ ಓದುಗನಿಗೆ ತಾನಾಗಿ ಹೊಳೆದರೆ ನಗು. ಬಿಡಿಸಿ ಹೇಳಿದರೆ ಅದು ವ್ಯಾಕರಣ ಪಾಠ.

ಅರ್ಥ ಹೇಳದಿದ್ದರೆ ಜನ ಕೈಬಿಡುತ್ತಾರೆ ಎಂಬ ಭಯ ಈ ನೆಲದ ಜನರನ್ನು ಅರಿಯದವರದು. ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿಯುತ್ತಾರೆ. ಅದೇ ಕಾರ್ಣಿಕ. ಅರ್ಥ ಹೇಳಲು ಅವರು ಮೇಲೆ ನಿಲ್ಲುವುದಿಲ್ಲ. ರೈತ ಅದರಲ್ಲಿ ಮಳೆ-ಬೆಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ನಂಬಿಕೆಯ ಮಾತು ಬದಿಗಿಡೋಣ. ಕೇಳುಗನ ಮೇಲೆ ಇಷ್ಟು ಭರವಸೆಯಿಟ್ಟ ರಚನೆ ನಮ್ಮ ಪುಸ್ತಕಗಳಲ್ಲೂ ಅಪರೂಪ. ಮೊಹರಂ ಬಂದಾಗ ಪೀರಲ ದೇವರ ಮುಂದೆ ಹಾಡುವ ರಿವಾಯತಿನವರನ್ನೇ ನೋಡಿ. ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುವ ಅವರಲ್ಲಿ ಮುಸ್ಲಿಮರಲ್ಲದವರೂ ಬಹಳ. ರಿವಾಯತ್ ಎಂದರೇನು ಎಂದು ಅಲಾಯಿ ಕುಣಿಯ ಸುತ್ತ ನಿಂತವರಾರೂ ಕೇಳುವುದಿಲ್ಲ.

ಎಲ್ಲ ಪದಗಳೂ ಹೀಗೆ ಎಲ್ಲರಿಗೂ ಗೊತ್ತಿರುವುದಿಲ್ಲ, ನಿಜ. ‘ಇದ್ದತ್’ ತೆಗೆದುಕೊಳ್ಳೋಣ. ಗಂಡ ಸತ್ತ ಮೇಲೆ ಹೆಂಡತಿ ಪಾಲಿಸಬೇಕಾದ ಅವಧಿ ಎಂದು ಆವರಣದಲ್ಲಿ ಬರೆದರೆ ಓದುಗನಿಗೆ ಒಂದು ಮಾಹಿತಿ ಸಿಗುತ್ತದೆ. ಅದರ ಬದಲು ‘ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವತನಕ ಆಕೆ ಹೊಸ್ತಿಲು ದಾಟಲಿಲ್ಲ, ಬಾಜೂಮನೆಯ ಗೌರಮ್ಮನೇ ಹಾಲು ತಂದಿಟ್ಟು ಹೋಗುತ್ತಿದ್ದಳು’ ಎಂದು ಬರೆದು ನೋಡಿ. ಅರ್ಥ ವಾಕ್ಯದೊಳಗೇ ಬಂತು, ಜೊತೆಗೆ ಒಬ್ಬ ಹೆಂಗಸೂ ಬಂದಳು. ಮೊದಲನೆಯದರಲ್ಲಿ ಓದುಗ ಒಂದು ಪದ್ಧತಿಯನ್ನು ಹೊರಗಿನಿಂದ ನೋಡಿದ. ಎರಡನೆಯದರಲ್ಲಿ ಗೌರಮ್ಮನ ಹಿಂದೆ ಬಾಗಿಲವರೆಗೆ ಹೋಗಿಬಂದ.

ಸಂಭಾಷಣೆಯ ವಿಚಾರ ಇದಕ್ಕಿಂತ ಗಂಭೀರವಾದದ್ದು. ಸಿನಿಮಾ, ನಾಟಕಗಳಲ್ಲಿ ಸಾಬರ ಪಾತ್ರ ಬಂದರೆ ‘ನಮ್ದೂಕೆ ನಿಮ್ದೂಕೆ’ ಶುರುವಾಗುತ್ತದೆ. ಉರ್ದು ಮನೆಮಾತಿನವರ ಕನ್ನಡದಲ್ಲಿ ಎಡವಟ್ಟು ಇರುವುದೇ ಇಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಕೊಟ್ಟೂರು, ಹರಪನಹಳ್ಳಿಗಳ ಸಂತೆಯಲ್ಲಿ ಕಣ್ಣು ಮುಚ್ಚಿ ನಿಂತರೆ ಮಾತು ಕೇಳಿ ಜಾತಿ ಹೇಳುವುದು ಕಷ್ಟ. ಸಹಾನುಭೂತಿಯಿಂದ ಬರೆದ ಕತೆಗಳೂ ಇಲ್ಲಿ ಸೋಲುತ್ತವೆ. ನಿರೂಪಕ ಪಾತ್ರವನ್ನು ಸಜ್ಜನ ಎಂದು ಹೊಗಳುತ್ತಿರುತ್ತಾನೆ. ಅದೇ ಹೊತ್ತಿಗೆ ಓದುಗ ಅವನ ಮಾತಿಗೆ ನಗುತ್ತಿರುತ್ತಾನೆ. ನೆನಪಿನಲ್ಲಿ ಉಳಿಯುವುದು ಆ ನಗುವೇ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹಾಸನದ ಲೇಖಕಿಯ ಬಗ್ಗೆ ಬೇಕಾದಷ್ಟು ಬರೆದರು. ಅನುವಾದಕಿ ದೀಪಾ ಭಾಸ್ತಿ ಮಾಡಿದ ಒಂದು ಸಣ್ಣ ಕೆಲಸದ ಮೇಲೆ ಹೆಚ್ಚಿನವರ ಕಣ್ಣು ಬೀಳಲಿಲ್ಲ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಅವರು ಇಂಗ್ಲಿಷಿನೊಳಗೆ ಹಾಗೇ ಬಿಟ್ಟರು. ಲಂಡನ್ನಿನ ತೀರ್ಪುಗಾರರು ಅದನ್ನು ಓದಿ ಮೆಚ್ಚಿದರು. ನಮ್ಮ ಕನ್ನಡ ಸಂಪಾದಕರು ಮಾತ್ರ ಇನ್ನೂ ಹಸ್ತಪ್ರತಿಯ ಪಕ್ಕದಲ್ಲಿ ‘ಅರ್ಥ ಕೊಡಿ’ ಎಂದು ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಾರೆ.

ಹಾಗೆಂದು ಆವರಣ ಅಳಿಸಿದ ಮಾತ್ರಕ್ಕೆ ಕತೆ ಒಳ್ಳೆಯದಾಗುವುದಿಲ್ಲ. ಇತ್ತೀಚಿನ ನಮ್ಮ ಕೆಲವು ಗೆಳೆಯರು ಪುಟದ ತುಂಬ ಉರ್ದು ಪದಗಳನ್ನು ಅತ್ತರಿನಂತೆ ಚಿಮುಕಿಸುತ್ತಾರೆ. ಕೆಳಗಿನ ವಾಕ್ಯ ಮಾತ್ರ ಪತ್ರಿಕಾ ಕಚೇರಿಯದೇ. ದಸ್ತರಖಾನ್ ಹಾಸುತ್ತಾರೆ, ಅದರ ಮೇಲೆ ಏನಿತ್ತು, ಯಾರಿಗೆ ಸಾಲದೆ ಹೋಯಿತು ಎಂದು ಬರೆಯುವುದಿಲ್ಲ.